ಜ್ವಾಲಾಮುಖಿ ವಲಯಗಳನ್ನು ನಾನು ಕಲಿಸುವ ಬಗೆ

ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವ ನಾನು ಜ್ವಾಲಾಮುಖಿ ವಲಯಗಳ ಪಾಠವನ್ನು ವ್ಯಾಖ್ಯೆಯಿಂದ ಆರಂಭಿಸುವುದಿಲ್ಲ. ಒಂದು ಮೀಟರ್ ಅಗಲದ ಪ್ರಪಂಚದ ರೂಪುರೇಖಾ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅದನ್ನು ಕತ್ತರಿಸುವುದರಿಂದ ಆರಂಭಿಸುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ನಕ್ಷೆಗಳ ನಡುವೆ ಯೂರೋಪ್ ಮತ್ತು ಆಫ್ರಿಕಗಳಿದ್ದು, ಪೆಸಿಫಿಕ್ ಸಾಗರ ಎರಡು ಅಂಚುಗಳಿಗೆ ಹಂಚಿಹೋಗಿರುತ್ತದೆ. ಅಂಥ ನಕ್ಷೆಯ ಮುಂದೆ ನಿಂತು ‘ಪೆಸಿಫಿಕ್ ಅಗ್ನಿವರ್ತುಲ’ (ಆ ಸಾಗರವನ್ನು ಸುತ್ತುವರಿದ ಜ್ವಾಲಾಮುಖಿಗಳ ಸಾಲು) ಎಂದು ಎಷ್ಟು ಸಲ ಹೇಳಿದರೂ ಮಕ್ಕಳ ಕಣ್ಣಿಗೆ ವರ್ತುಲ ಕಾಣುವುದಿಲ್ಲ. ಆದ್ದರಿಂದ 30° ಪಶ್ಚಿಮ ರೇಖಾಂಶದಗುಂಟ ಕತ್ತರಿ ಆಡಿಸಿ, ಅಮೆರಿಕ ಖಂಡಗಳಿರುವ ತುಂಡನ್ನು ಏಷ್ಯಾದ ಬಲಕ್ಕೆ ಅಂಟಿಸುತ್ತೇನೆ. ಗ್ರೀನ್‌ಲ್ಯಾಂಡ್ ಎರಡು ಹೋಳಾಗುತ್ತದೆ; ಈ ಪಾಠದ ಮಟ್ಟಿಗೆ ಅದರಿಂದ ನಷ್ಟವಿಲ್ಲ.

ಮುಂದಿನ ಕೆಲಸದ ಕ್ರಮವೇ ಮುಖ್ಯವಾದದ್ದು. ಮೊದಲು ನೀಲಿ ಪೆನ್ಸಿಲಿನಿಂದ ಸಾಗರತಳದ ಕಂದಕಗಳನ್ನು, ಅಂದರೆ ಪೆರು–ಚಿಲಿ, ಅಲ್ಯೂಷಿಯನ್, ಕುರಿಲ್–ಕಮ್ಚಾಟ್ಕ, ಜಪಾನ್, ಸುಂದಾ ಕಂದಕಗಳನ್ನು ಎಳೆಸುತ್ತೇನೆ. ಬಳಿಕ ಜ್ವಾಲಾಮುಖಿಗಳ ಅಕ್ಷಾಂಶ, ರೇಖಾಂಶಗಳ ಪಟ್ಟಿಯನ್ನಷ್ಟೇ ಕೊಟ್ಟು, ಹೆಸರು ಹೇಳದೆ, ಕೆಂಪು ಚುಕ್ಕೆ ಇಡಿಸುತ್ತೇನೆ. ಚಿಲಿಯ ವಿಲ್ಯಾರಿಕಾ, ಕಮ್ಚಾಟ್ಕದ ಕ್ಲ್ಯುಚೆವ್‌ಸ್ಕಾಯಾ, ಜಾವಾದ ಮೆರಾಪಿ ಮೊದಲಾದವು ಗುರುತಾಗುತ್ತಿದ್ದಂತೆ, ಯಾರಾದರೊಬ್ಬರು “ಸರ್, ಚುಕ್ಕೆ ಗೆರೆ ಮೇಲೆ ಬೀಳ್ತಾನೇ ಇಲ್ಲ” ಎನ್ನುತ್ತಾರೆ. ನಾನು ಕಾಯುತ್ತಿರುವುದು ಈ ಮಾತಿಗೇ.

ಚುಕ್ಕೆಗೂ ಗೆರೆಗೂ ನಡುವೆ ಅಳತೆಪಟ್ಟಿ ಇಟ್ಟರೆ ಐದಾರು ಮಿಲಿಮೀಟರ್ ಸಿಗುತ್ತದೆ. ಭೂಮಿಯ ಮೇಲೆ ಅದು 200ರಿಂದ 250 ಕಿ.ಮೀ. ಕಂದಕದಲ್ಲಿ ಒಳಕ್ಕೆ ಜಾರುವ ಸಾಗರ ಫಲಕವು (ಭೂಮಿಯ ಗಟ್ಟಿ ಹೊರಪದರದ ಚಲಿಸುವ ತುಂಡು) ತನ್ನ ಖನಿಜಗಳಲ್ಲಿ ನೀರನ್ನು ಹಿಡಿದುಕೊಂಡು ಓರೆಯಾಗಿ ಇಳಿಯುತ್ತದೆ. ಸುಮಾರು 100 ಕಿ.ಮೀ. ಆಳ ತಲುಪುವ ಹೊತ್ತಿಗೆ ಅದರಿಂದ ಹೊರಬಿದ್ದ ನೀರು ಮೇಲಿರುವ ಬಿಸಿ ಶಿಲಾಪದರವಾದ ಮ್ಯಾಂಟಲ್‌ಗೆ ಸೇರಿ, ಉಪ್ಪು ಹಾಕಿದ ಮಂಜುಗಡ್ಡೆ ಕರಗುವಂತೆ, ಅಲ್ಲಿನ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗತೊಡಗುತ್ತದೆ. ಫಲಕಗಳು ಉಜ್ಜಿದ ಬಿಸಿಗೇ ಶಿಲಾಪಾಕ (ಕರಗಿದ ಶಿಲೆ) ಹುಟ್ಟುತ್ತದೆ ಎಂಬ ವಿವರಣೆ ಗೈಡುಗಳಲ್ಲಿ ಇನ್ನೂ ಉಳಿದುಕೊಂಡಿದೆ. ನಾನು ಅದನ್ನು ಬರೆಯಗೊಡುವುದಿಲ್ಲ. ಇದೇ ಕಾರಣಕ್ಕೆ ಆಂಡಿಸ್ ಶ್ರೇಣಿಯ ಖಾಲಿ ಜಾಗವನ್ನೂ ತೋರಿಸುತ್ತೇನೆ. ಪೆರುವಿನ ಉತ್ತರ ಮತ್ತು ಮಧ್ಯ ಭಾಗದಲ್ಲಿ ಕಂದಕವಿದೆ, ಆದರೆ ಸಕ್ರಿಯ ಜ್ವಾಲಾಮುಖಿಯಿಲ್ಲ. ಅಲ್ಲಿ ಫಲಕವು ಬಹುಮಟ್ಟಿಗೆ ಅಡ್ಡವಾಗಿಯೇ ಸಾಗುವುದರಿಂದ ಅದರ ಮೇಲೆ ಕರಗಬಲ್ಲ ಬಿಸಿ ಮ್ಯಾಂಟಲ್ ಉಳಿದಿಲ್ಲ. ಸುಮಾರು 40,000 ಕಿ.ಮೀ. ಉದ್ದದ ಈ ವರ್ತುಲದಲ್ಲಿ ಜಗತ್ತಿನ ಸಕ್ರಿಯ ಜ್ವಾಲಾಮುಖಿಗಳ ಮುಕ್ಕಾಲು ಪಾಲು ಇವೆ ಎಂಬ ವಾಕ್ಯವನ್ನು ಇಷ್ಟೆಲ್ಲ ಆದ ಮೇಲೆಯೇ ಹಲಗೆಯ ಮೇಲೆ ಬರೆಯುತ್ತೇನೆ.

ಎರಡನೆಯ ವಲಯ ಮೆಡಿಟರೇನಿಯನ್‌ನಿಂದ ಇಂಡೋನೇಷ್ಯಾದವರೆಗಿನದು. ಎಟ್ನಾ, ವೆಸೂವಿಯಸ್ ಒಂದು ತುದಿಯಲ್ಲಿ, ಕ್ರಕಟೋವ ಇನ್ನೊಂದು ತುದಿಯಲ್ಲಿ. ನಡುವಿನ ಹಿಮಾಲಯದಲ್ಲಿ ಒಂದು ಚುಕ್ಕೆಯೂ ಇಲ್ಲ. ಅಲ್ಲಿ ಡಿಕ್ಕಿ ಹೊಡೆಯುತ್ತಿರುವುದು ಖಂಡಕ್ಕೆ ಖಂಡ, ನೀರು ಹೊತ್ತ ಸಾಗರತಳ ಇಳಿಯುತ್ತಿಲ್ಲ. ಭಾರತದ ಪಾಲಿಗೆ ಬರುವ ಸಕ್ರಿಯ ಚುಕ್ಕೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ದೀರ್ಘ ಮೌನದ ಬಳಿಕ ಅದು 1991ರಲ್ಲಿ ಮತ್ತೆ ಲಾವಾ ಉಗುಳಿತು.

ಫಲಕಗಳು ದೂರ ಸರಿಯುವ ಕಡೆಗಳಿಗೆ, ಅಂದರೆ ಐಸ್‌ಲ್ಯಾಂಡ್ ಮತ್ತು ಪೂರ್ವ ಆಫ್ರಿಕದ ಬಿರುಕು ಕಣಿವೆಗಳಿಗೆ, ಕತ್ತರಿಸದ ಬೇರೊಂದು ನಕ್ಷೆ ಬೇಕು, ಇಲ್ಲವಾದರೆ ಅಟ್ಲಾಂಟಿಕ್ ಮಧ್ಯದ ಏಣು (ಸಾಗರತಳದ ಬೆಟ್ಟಸಾಲು) ತುಂಡಾಗಿಬಿಡುತ್ತದೆ.

ಯಾವ ಗೆರೆಗೂ ಸೇರದೆ ಪೆಸಿಫಿಕ್ ನಡುವೆ ಒಂಟಿಯಾಗಿ ಉಳಿಯುವ ಹವಾಯಿಯ ಚುಕ್ಕೆಯಿಂದ ಬಿಸಿಬಿಂದುಗಳ, ಅಂದರೆ ಆಳದಿಂದ ಬಿಸಿ ಶಿಲೆ ಮೇಲೇರುವ ಜಾಗಗಳ, ಮಾತು ತೆಗೆಯುತ್ತೇನೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಭಾಗಗಳ ಕಪ್ಪು ಬಸಾಲ್ಟ್ ಕಲ್ಲು (ಲಾವಾ ಆರಿ ಗಟ್ಟಿಯಾದದ್ದು) ಈ ಮಾತಿಗೇ ಸೇರಿದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಪದರಪದರವಾಗಿ ಹರಿದ ಆ ಲಾವಾವನ್ನು ಬಹುಪಾಲು ಭೂವಿಜ್ಞಾನಿಗಳು ಹಿಂದೂ ಮಹಾಸಾಗರದ ರಿಯೂನಿಯನ್ ಬಿಸಿಬಿಂದುವಿಗೆ ಜೋಡಿಸುತ್ತಾರೆ. ನಮ್ಮ ಫಲಕ ಅದನ್ನು ದಾಟಿ ಉತ್ತರಕ್ಕೆ ಬಂದಿದೆ. ಹಾಗಾಗಿ ದಖನ್ನಿನ ಮೇಲೆ ಪೆನ್ಸಿಲಿನ ಅಡ್ಡಗೆರೆಗಳನ್ನು ಮಾತ್ರ ಹಾಕಿಸಿ, ಕೆಂಪು ಚುಕ್ಕೆಯನ್ನು ಈಗಲೂ ಆಗಾಗ ಲಾವಾ ಉಗುಳುವ ರಿಯೂನಿಯನ್ ದ್ವೀಪದ ಮೇಲೆ ಇಡಿಸುತ್ತೇನೆ.