ಕ್ಯಾಲಿಫೋರ್ನಿಯಾದಲ್ಲಿ ಅಪ್ಪ-ಅಮ್ಮ ಜೊತೆಗಿದ್ದಾಗ ಪೊಲೀಸರು ಬಂದರೆ

ರಜೆಗೆ ಬಳ್ಳಾರಿಗೆ ಬಂದಿದ್ದೇನೆ. ನಿನ್ನೆ ಸಂಜೆ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಪಕ್ಕದ ಮನೆ ಮಾವ ಮೆಲ್ಲಗೆ ಕೇಳಿದರು: "ತಮ್ಮಾ, ನಿಮ್ಮತ್ತೆಗೆ ಮರೆವು ಜಾಸ್ತಿ ಆಗೈತಿ. ಮಗನ ಮನೆಗೆ ಹೊಂಟೀವಿ. ಅಲ್ಲಿ ರಾತ್ರಿ ಎದ್ದು ಗಲಾಟೆ ಮಾಡಿದ್ರೆ ಪೊಲೀಸ್ರು ಹಿಡ್ಕಂಡು ಹೋಗ್ತಾರಂತಲ್ಲ?" ಅವರಿಗೆ ಹೇಳಿದ್ದನ್ನೇ ಅಲ್ಲಿರುವ ನಿಮಗೂ ಬರೆಯುತ್ತಿದ್ದೇನೆ. ಇದು ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯಗಳಲ್ಲಿ ಕಾನೂನು ಬೇರೆ.

ನಮ್ಮಮ್ಮ ಮೊದಲ ಸಲ ಅಲ್ಲಿನ ನನ್ನ ಮನೆಗೆ ಬಂದಾಗ ಹೀಗೇ ಆಯ್ತು. ನಡುರಾತ್ರಿ ಬಾಗಿಲು ತೆಗೆದು ಹೊರಗೆ ಹೋಗಿ ಯಾರನ್ನೋ ಕೂಗುತ್ತಿದ್ದರು, ಪಕ್ಕದವರು ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರು. ಬಂದ ಇಬ್ಬರು ಪೊಲೀಸರಲ್ಲಿ ಒಬ್ಬ ರೇಡಿಯೋ ಸದ್ದು ತಗ್ಗಿಸಿ, ಅಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಮಾತಾಡಿದ. ಇನ್ನೊಬ್ಬ ನನ್ನನ್ನು ಒಳಗೆ ಕಳಿಸಿದ. ನನ್ನ ತಾಯಿ ಜೊತೆ ಮಾತಾಡೋಕೆ ನಾನೇ ಇರಬಾರದಾ ಅಂತ ಸಿಟ್ಟು ಬಂತು. ಅದು ಅವರ ತರಬೇತಿ ಅಂತ ಆಮೇಲೆ ಗೊತ್ತಾಯ್ತು.

ಕೂತು ಮಾತಾಡುವ ಆ ಪಾಠದ ಹಿಂದೆ ಒಂದು ಸಾವಿದೆ. 1987ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಮಾನಸಿಕ ಕಾಯಿಲೆಯ ಒಬ್ಬರು ಪೊಲೀಸರ ಗುಂಡಿಗೆ ಸತ್ತರು. ಮರುವರ್ಷ ಅಲ್ಲಿ, ಇಂಥವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಕಲಿಸುವ ಸಿಐಟಿ (ಕ್ರೈಸಿಸ್ ಇಂಟರ್ವೆನ್ಷನ್ ಟೀಮ್) ಎಂಬ 40 ಗಂಟೆಯ ತರಬೇತಿ ಶುರುವಾಯಿತು. ವೈದ್ಯರ ಜೊತೆ ರೋಗಿಗಳು, ಮನೆಯವರೂ ಬಂದು ಪೊಲೀಸರಿಗೆ ಪಾಠ ಹೇಳುತ್ತಾರೆ. ಆದರೆ ಎಲ್ಲ ಪೊಲೀಸರೂ ಇದನ್ನು ಮಾಡಿರುವುದಿಲ್ಲ. ಅದಕ್ಕೇ ಕೇಳಿ ಪಡೆಯಬೇಕು.

911ಕ್ಕೆ ಮಾಡಿದಾಗ ಗಾಬರಿಯಲ್ಲಿ "ಅಮ್ಮ ಹುಚ್ಚಿ ಥರ ಆಡ್ತಿದ್ದಾರೆ" ಅನ್ನಬೇಡಿ. ವಯಸ್ಸು ಹೇಳಿ, ಮರೆವಿನ ಕಾಯಿಲೆ ಇದೆ ಅನ್ನಿ, ಕೈಯಲ್ಲಿ ಏನಿದೆ ಏನಿಲ್ಲ ಅಂತ ನಿಜ ಹೇಳಿ, ಸಿಐಟಿ ತರಬೇತಿ ಆದವರನ್ನು ಕಳಿಸಿ ಅನ್ನಿ. ಊರುಗೋಲು ಇದ್ದರೆ ಅದನ್ನೂ ಹೇಳಿ, ಕತ್ತಲಲ್ಲಿ ಕೋಲು ಬೇರೆಯೇ ಥರ ಕಾಣುತ್ತದೆ. ಲೈಟ್ ಹಾಕಿ. ಅಡುಗೆಮನೆಯ ಚಾಕು ಒಳಗಿಡಿ. ಭಾಷಾಂತರಕ್ಕೆ ಫೋನಿನಲ್ಲಿ ಜನ ಸಿಗುತ್ತಾರೆ. ಕನ್ನಡದವರು ತಕ್ಷಣ ಸಿಗದಿದ್ದರೆ ತೆಲುಗಿನವರನ್ನು ಕೇಳಿ. ಬಳ್ಳಾರಿ ಹಿರಿಯರಿಗೆ ಅದೇನು ಕಷ್ಟ ಅಲ್ವಾ!

ಯಾರ ಪ್ರಾಣಕ್ಕೂ ಅಪಾಯ ಇಲ್ಲದಿದ್ದರೆ 988 ಸಾಕು. ಅದು ಮಾನಸಿಕ ಸಂಕಟದ ಸಹಾಯವಾಣಿ, 2022ರ ಜುಲೈಯಿಂದ ಇರುವ ನಂಬರ್, ಎತ್ತುವವರು ಪೊಲೀಸರಲ್ಲ, ಆಪ್ತಸಲಹೆಗಾರರು. "ಫಿಫ್ಟಿ ಒನ್ ಫಿಫ್ಟಿ" ಅಂತ ಯಾರಾದರೂ ಅಂದರೆ ಎದೆ ಒಡೆದುಕೊಳ್ಳಬೇಡಿ. ಅದು ಕ್ಯಾಲಿಫೋರ್ನಿಯಾ ಕಾನೂನಿನ 5150ನೇ ಕಲಂ, ಅರೆಸ್ಟ್ ಅಲ್ಲ. ತನಗೋ ಬೇರೆಯವರಿಗೋ ಅಪಾಯ ಇದೆ, ಅಥವಾ ತನ್ನನ್ನು ತಾನೇ ನೋಡಿಕೊಳ್ಳಲು ಆಗುತ್ತಿಲ್ಲ ಅನ್ನಿಸಿದರೆ ಹೆಚ್ಚೆಂದರೆ 72 ಗಂಟೆ ಆಸ್ಪತ್ರೆಯಲ್ಲಿಟ್ಟು ನೋಡುತ್ತಾರೆ.

ಈಗ ನಮಗೆ ಮುಜುಗರ ಆಗುವ ವಿಷಯ. ನನ್ನನ್ನು ಒಳಗೆ ಕಳಿಸಿದ್ದು ಯಾಕೆ ಅಂದರೆ, ಅಮ್ಮನನ್ನು ನಾನೇ ಹಿಂಸಿಸುತ್ತಿದ್ದೇನಾ ಅಂತ ನೋಡೋಕೆ. ಫೀಲ್ಡಿಗಿಳಿದ 18 ತಿಂಗಳೊಳಗೆ ಹಿರಿಯರ ಮೇಲಿನ ದೌರ್ಜನ್ಯದ ಪಾಠ ಮುಗಿಸಬೇಕು ಅಂತ ಅಲ್ಲಿನ ಪೊಲೀಸರಿಗೆ ಕಾನೂನೇ ಇದೆ. ಹೊಡೆಯುವುದು ಮಾತ್ರ ದೌರ್ಜನ್ಯ ಅಂದುಕೊಂಡಿದ್ದೆ. ಊಟ, ಔಷಧಿ ಸರಿಯಾಗಿ ನೋಡಿಕೊಳ್ಳದಿದ್ದರೂ, ಅವರ ಹಣ ಅನ್ಯಾಯವಾಗಿ ಬಳಸಿಕೊಂಡರೂ, ಬರುವ ಫೋನ್ ಕರೆ ಬೇಕೆಂದೇ ತಡೆದರೂ ಅದೇ ಲೆಕ್ಕ. ನಮ್ಮ ಮನೆಗಳನ್ನು ನೆನೆಸಿಕೊಳ್ಳಿ. ಪಾಸ್‌ಪೋರ್ಟ್ "ಭದ್ರವಾಗಿ" ಮಗನ ಬೀರುವಿನಲ್ಲಿ, ಪೆನ್ಷನ್ನಿನ ಎಟಿಎಂ ಕಾರ್ಡ್ ಸೊಸೆಯ ಪರ್ಸಿನಲ್ಲಿ, ಅಮ್ಮ ಇಡೀ ದಿನ ಮೊಮ್ಮಗುವಿನ ಜೊತೆ ಒಂಟಿ. ಇದೆಲ್ಲ ಅಪರಾಧ ಅನ್ನುತ್ತಿಲ್ಲ. ಆದರೆ ಅಮ್ಮ ಸುಮ್ನೆ ಕೂತು ಎಲ್ಲ ಉತ್ತರ ನೀವೇ ಕೊಟ್ಟರೆ ಪೊಲೀಸರಿಗೆ ಅನುಮಾನ ಬಂದೇ ಬರುತ್ತದೆ. ಅನುಮಾನ ಬಂದರೆ ಡಾಕ್ಟರ್ ಕೂಡ ದೂರು ಕೊಡಲೇಬೇಕು.

ದೂರು ಹೋಗುವುದು ಅಡಲ್ಟ್ ಪ್ರೊಟೆಕ್ಟಿವ್ ಸರ್ವಿಸಸ್‌ಗೆ. 60 ದಾಟಿದವರನ್ನು ನೋಡಿಕೊಳ್ಳುವ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ವಿಭಾಗ ಅದು, ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಾತಾಡುತ್ತಾರೆ. ನಿಜವಾಗಿ ಕಷ್ಟದಲ್ಲಿರುವ ಅಪ್ಪ-ಅಮ್ಮಂದಿರೂ ಅಲ್ಲಿಗೆ ಫೋನ್ ಮಾಡಬಹುದು, ಇದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ನಾಚಿಕೆಯಿಂದ ಕಾಯಿಲೆ ಮುಚ್ಚಿಡುವವರಿಗೆ ಒಂದು ಮಾತು. 1985ರಲ್ಲಿ ನಿಮ್ಹಾನ್ಸ್‌ನವರು ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮಾನಸಿಕ ಚಿಕಿತ್ಸೆ ಕಲಿಸುವ ಪ್ರಯೋಗ ಶುರು ಮಾಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಅದನ್ನೇ ಮಾದರಿ ಮಾಡಿಕೊಂಡು ದೇಶದ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿದರು. ನಮ್ಮೂರಿನವರು ಇದನ್ನು ಮುಚ್ಚಿಡುವುದೇನು?

ಮಾವನಿಗೆ ಒಂದು ಚೀಟಿ ಬರೆದುಕೊಟ್ಟೆ. ಮಗನ ಮನೆ ವಿಳಾಸ, ಮರೆವಿನ ಕಾಯಿಲೆ, ಮಾತ್ರೆಗಳ ಹೆಸರು, ಬರುವ ಭಾಷೆಗಳು, ಎಲ್ಲ ಇಂಗ್ಲಿಷಿನಲ್ಲಿ. ಅತ್ತೆಯ ಕೊರಳ ಚೀಲದಲ್ಲಿ ಯಾವಾಗಲೂ ಇರಲಿ ಅಂದೆ. ಅತ್ತೆ ಒಳಗಿಂದಲೇ ಕೂಗಿದರು: "ಸಕ್ಕರೆ ಕಾಯಿಲೆನೂ ಬರಿಯಪ್ಪಾ, ಸಕ್ಕರೆ ಇಳಿದ್ರೆ ಕುಡಿದವ್ರಂಗೆ ತೊದಲ್ತೀನಿ." ಅದು ನನಗೆ ಹೊಳೆದೇ ಇರಲಿಲ್ಲ. ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದೆ.