12345654321: ಹನ್ನೊಂದು ಅಂಕಿಗಳ ಸಂಖ್ಯೆಯನ್ನು ಪೆನ್ನು, ಕಾಗದದಲ್ಲೇ ಬಿಡಿಸುವುದು ಹೇಗೆ?

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಗುಣಾಕಾರ ಹೇಳಿಕೊಡುವಾಗ ಒಂದು ಚೆಂದದ ಲೆಕ್ಕ ಕೊಟ್ಟಿದ್ದಾರೆ. 27994681 ಅನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಈ ಹಾರವನ್ನು ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸೋಣ. ಕ್ಯಾಲ್ಕುಲೇಟರ್ ಬೇಡ. 2, 3, 5, 7 ಎಂದು ಒಂದೊಂದರಿಂದಲೇ ಭಾಗಿಸುತ್ತಾ ಕೂರುವುದೂ ಬೇಡ.

ಮೊದಲು, ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ: 12, 345, 654, 321. ಈಗ ಬಲದಿಂದ ಶುರು ಮಾಡಿ ಒಂದನ್ನು ಬಿಟ್ಟು ಒಂದನ್ನು ಕಳೆಯುತ್ತಾ ಬನ್ನಿ. 321 − 654 + 345 − 12. ಉತ್ತರ ಸೊನ್ನೆ! ಹಾಗಾದರೆ ಸಂಖ್ಯೆ 1001ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಯಾಕೆ ಗೊತ್ತಾ? 1000 ಎಂದರೆ 1001ಕ್ಕೆ ಒಂದು ಕಡಿಮೆ. ಆದ್ದರಿಂದ 1001ರ ಲೆಕ್ಕದಲ್ಲಿ ಸಾವಿರದ ಗುಂಪು ಕಳೆಯುವ ಗುಂಪಾಗುತ್ತದೆ, ಹತ್ತು ಲಕ್ಷದ ಗುಂಪು ಮತ್ತೆ ಕೂಡುವ ಗುಂಪಾಗುತ್ತದೆ. 1001 = 7 × 11 × 13. ಒಂದೇ ಪರೀಕ್ಷೆಯಲ್ಲಿ ಮೂರು ಅವಿಭಾಜ್ಯಗಳು ಸಿಕ್ಕವು. ಶಾಲೆಯಲ್ಲಿ 3, 9, 11ರ ನಿಯಮಗಳ ಜೊತೆಗೆ ಇದನ್ನೂ ಎಲ್ಲ ಮಕ್ಕಳಿಗೂ ಕಲಿಸಬೇಕು, ಅಷ್ಟು ಉಪಯೋಗದ ನಿಯಮ ಇದು.

ಭಾಗಿಸಿದರೆ 12333321 ಬರುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. 321 − 333 + 12, ಮತ್ತೆ ಸೊನ್ನೆ. ಇನ್ನೊಮ್ಮೆ 1001ರಿಂದ ಭಾಗಿಸಿ. ಈಗ ಉಳಿಯುವುದು ಬರೀ 12321.

ಇದು 111ರ ವರ್ಗ. 111ರ ಅಂಕಿಗಳ ಮೊತ್ತ 3, ಹಾಗಾಗಿ 3ರಿಂದ ಭಾಗವಾಗುತ್ತದೆ: 3 × 37. ಕೆಲಸ ಮುಗಿಯಿತು.

12345654321 = 3² × 7² × 11² × 13² × 37²

ಎಲ್ಲದರ ಮೇಲೂ 2 ಇದೆ, ನೋಡಿದಿರಾ? ಅಂದರೆ ಇಡೀ ಸಂಖ್ಯೆಯೇ ಒಂದು ವರ್ಗ. ವರ್ಗಮೂಲ 111111.

ಇದಕ್ಕೆ ಎಷ್ಟು ಭಾಜಕಗಳಿವೆ ಎಂದು ತಿಳಿಯಲು ಪಟ್ಟಿ ಮಾಡಬೇಕಿಲ್ಲ. ಪ್ರತಿ ಅವಿಭಾಜ್ಯಕ್ಕೂ ಮೂರೇ ದಾರಿ: ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಅವಿಭಾಜ್ಯಗಳು ಐದು, ಆದ್ದರಿಂದ 3 × 3 × 3 × 3 × 3 = 243 ಭಾಜಕಗಳು. ಗುಣಿಸಿದರೆ ಮೂಲ ಸಂಖ್ಯೆ ಬರುವ ಹಾಗೆ ಇವನ್ನು ಎರಡೆರಡಾಗಿ ಜೋಡಿಸಿದರೆ, 111111 ತನಗೆ ತಾನೇ ಜೋಡಿ. ಉಳಿದವು 121 ಜೋಡಿಗಳು. ಮಹಾವೀರಾಚಾರ್ಯರು ಆರಿಸಿದ್ದು ಅವುಗಳಲ್ಲಿ ಒಂದನ್ನು: 441 ಎಂದರೆ 3² × 7², 27994681 ಎಂದರೆ 11² × 13² × 37².

ಇನ್ನು ಭಾಜಕಗಳ ಮೊತ್ತ. 3ಕ್ಕೆ 1 + 3 + 9 = 13. ಹೀಗೇ 7ಕ್ಕೆ 57, 11ಕ್ಕೆ 133, 13ಕ್ಕೆ 183, 37ಕ್ಕೆ 1407. ಐದನ್ನೂ ಗುಣಿಸಿದರೆ 25375524993. ಇದರಿಂದ ಮೂಲ ಸಂಖ್ಯೆಯನ್ನು ಕಳೆಯಿರಿ, 13029870672 ಉಳಿಯುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತಲೇ ಜಾಸ್ತಿ! ಸಮಸಂಖ್ಯೆಗಳಲ್ಲಿ ಇದು 12ರಿಂದಲೇ ಕಾಣುತ್ತದೆ. ಬೆಸಸಂಖ್ಯೆಗಳಲ್ಲಿ ಅಪರೂಪ, ಮೊದಲನೆಯದು ಸಿಗಬೇಕಾದರೆ 945ರವರೆಗೆ ಹೋಗಬೇಕು.

ಅದೇ ಗ್ರಂಥದ ಇನ್ನೊಂದು ಲೆಕ್ಕ: 152207 × 73 = 11111111. ಇದನ್ನು ನೀವೇ ಬಿಡಿಸಿ. ಇಲ್ಲಿ 1001 ಕೆಲಸಕ್ಕೆ ಬರುವುದಿಲ್ಲ. ನಾಲ್ಕು ನಾಲ್ಕು ಅಂಕಿಗಳ ಗುಂಪು ಮಾಡಿ, 1111 × 10001 ಎಂದು ಬರೆದುಕೊಂಡು ಶುರು ಮಾಡಿ.