ಬಸ್ಸಿನ ಟೈಮಿಗೆ ಮಣ್ಣು ಒಣಗಲಿಲ್ಲ

ಮೈಸೂರಿನಲ್ಲಿ ನನ್ನದೊಂದು ಚಿಕ್ಕ ಪಾಟರಿ ಸ್ಟುಡಿಯೋ ಇದೆ. ನಮ್ಮದು ಕುಂಬಾರರ ಮನೆ. ದೊಡ್ಡಪ್ಪ, ದೊಡ್ಡಮ್ಮ ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಈಗಲೂ ಮಡಕೆ ಮಾಡುತ್ತಾರೆ. ಹೊರದೇಶದ ಕುಂಬಾರರು ಗುಂಪು ಕಟ್ಟಿಕೊಂಡು ಇಂಡಿಯಾಗೆ ಬರುವುದುಂಟು. ಹಾಗೆ ಬಂದವರು ಪುದುಚೇರಿಗೆ ಹೋಗಿ, 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯನ್ನು ನೋಡುತ್ತಾರೆ. ಅಲ್ಲಿಂದ ಹನ್ನೊಂದು ಜನರ ಒಂದು ತಂಡ ನಮ್ಮ ಕಡೆಗೂ ಬರುತ್ತೇವೆ ಅಂದಾಗ, ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋಗಲು ಒಪ್ಪಿಕೊಂಡೆ.

ಮೊದಲ ಸಲ ದೊಡ್ಡ ತಪ್ಪು ಮಾಡಿದೆ. ಮೂರೇ ದಿನದ ಪ್ಲಾನ್ ಹಾಕಿದೆ. ಒಂದು ದಿನ ಮಾಡುವುದು, ಒಂದು ದಿನ ಒಣಗಿಸುವುದು, ಮೂರನೇ ದಿನ ಸುಡುವುದು. ನಾಲ್ಕನೇ ದಿನ ಬೆಳಿಗ್ಗೆ ಅವರ ಟೆಂಪೋ ಟ್ರಾವೆಲರ್ ಹೊರಡಬೇಕಿತ್ತು. ಮೂರನೇ ದಿನ ದೊಡ್ಡಪ್ಪ ಒಂದು ಮಡಕೆ ಎತ್ತಿ ಕೆನ್ನೆಗೆ ಒತ್ತಿ ಹಿಡಿದರು. "ತಣ್ಣಗದೆ ಕಣ್ಲಾ ಮಗ. ಒಳಗೆ ಇನ್ನೂ ಹಸಿ ಅದೆ. ಇವತ್ತು ಬ್ಯಾಡ" ಅಂದರು. ನಾನು ಕೇಳಲಿಲ್ಲ. ನಾಳೆ ಅವರು ಹೊರಟುಬಿಡುತ್ತಾರೆ ದೊಡ್ಡಪ್ಪ ಅಂತ ಒತ್ತಾಯ ಮಾಡಿ, ಮಡಕೆ ಸುಡಲು ಹುಲ್ಲು ಹೊದಿಸಿದ ಆವಿಗೆಗೆ ಬೆಂಕಿ ಹಚ್ಚಿಸಿದೆ.

ಒಂದು ಗಂಟೆಯೂ ಆಗಿರಲಿಲ್ಲ, ಹುಲ್ಲಿನ ಒಳಗಿಂದ ಟಪ್ ಟಪ್ ಅಂತ ಸದ್ದು. ಮಣ್ಣಿನೊಳಗೆ ಉಳಿದ ನೀರು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ಮಡಕೆಯನ್ನೇ ಒಡೆಯುತ್ತದೆ. ಬಂದವರೆಲ್ಲ ಕುಂಬಾರರೇ, ಆ ಸದ್ದು ಏನು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಬೂದಿ ಸರಿಸಿದರೆ ಅರ್ಧಕ್ಕರ್ಧ ಚೂರು. ಅವರು ಬೇಜಾರು ತೋರಿಸಲಿಲ್ಲ. ದೊಡ್ಡಪ್ಪನ ಮುಖ ನೋಡಲು ಮಾತ್ರ ನನಗೆ ಆಗಲಿಲ್ಲ.

ಎರಡನೇ ತಂಡ ಬಂದಾಗ ಒಣಗುವ ದಿನಗಳನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಊರು ಸುತ್ತುವ ದಾರಿ ಬರೆದೆ. ಸಂಕ್ರಾಂತಿ ಕಳೆದ ಮೇಲೆ ಬನ್ನಿ ಅಂದೆ. ಆಗ ಮಳೆ ಇರುವುದಿಲ್ಲ, ಭತ್ತದ ಕುಯ್ಲು ಮುಗಿದು ಹುಲ್ಲು ಸಿಗುತ್ತದೆ. ಮೊದಲ ಎರಡು ದಿನ ಹಳ್ಳಿಯಲ್ಲಿ ಕೆಲಸ. ಮಡಕೆಗಳನ್ನು ನೆರಳಿಗೆ ಇಟ್ಟು ಮೂರು ದಿನ ಹೊರಗೆ ಸುತ್ತಾಟ. ಆರನೇ ದಿನ ವಾಪಸ್ ಬಂದು ಸುಡುವುದು. ಆ ಮೂರು ದಿನದಲ್ಲಿ ಮೇಲುಕೋಟೆ ಆಯಿತು, ಹದಿಮೂರನೇ ಶತಮಾನದ ಸೋಮನಾಥಪುರದ ಗುಡಿ ಆಯಿತು. ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಜಾಸ್ತಿ ಹೊತ್ತು ನಿಂತೆವು. ಅಲ್ಲಿ ನವಶಿಲಾಯುಗದ ನೆಲೆ ಅಗೆದಾಗ ಕೈಯಲ್ಲೇ ಮಾಡಿದ ಬೂದು ಮಡಕೆಗಳು ಸಿಕ್ಕಿವೆ ಅಂತ ಹೇಳಿದ ಕೂಡಲೇ ಎಲ್ಲರೂ ಬಗ್ಗಿ ಹೊಳೆ ದಡದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು.

ಇನ್ನೊಂದು ಲೆಕ್ಕವೂ ಮೊದಲ ಸಲ ತಪ್ಪಿತ್ತು. ತಿಗುರಿ ನೋಡಲು ಬರುತ್ತಾರೆ ಅಂದುಕೊಂಡು ಕಲಿಸುವವರ ಹಣ ದೊಡ್ಡಪ್ಪನ ಹೆಸರಿಗೆ ಮಾತ್ರ ಬರೆದಿದ್ದೆ. ಚಕ್ರದ ಮೇಲೆ ಮಣ್ಣು ಎತ್ತುವುದು ಅವರಿಗೆ ಚೆನ್ನಾಗಿಯೇ ಗೊತ್ತು. ಅವರಿಗೆ ಗೊತ್ತಿಲ್ಲದ್ದು ದೊಡ್ಡಮ್ಮನ ಕೆಲಸ. ನಮ್ಮಲ್ಲಿ ಮಡಕೆ ತಿಗುರಿಯಿಂದ ಇಳಿಯುವಾಗ ದಪ್ಪಗೆ ಇರುತ್ತದೆ, ತಳವೇ ಇರುವುದಿಲ್ಲ. ಅರ್ಧ ಒಣಗಿದ ಮೇಲೆ ದೊಡ್ಡಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಎಡಗೈಯಲ್ಲಿ ದುಂಡು ಕಲ್ಲು ಒಳಗಿಂದ ಆನಿಸಿ, ಬಲಗೈಯ ಮರದ ಹಲಗೆಯಿಂದ ಹೊರಗೆ ತಟ್ಟುತ್ತಾರೆ. ನಡುನಡುವೆ ಹಲಗೆಯನ್ನು ಬೂದಿಗೆ ಅದ್ದುತ್ತಾರೆ, ಇಲ್ಲದಿದ್ದರೆ ಮಣ್ಣು ಅಂಟುತ್ತದೆ. ತಟ್ಟುತ್ತಾ ತಟ್ಟುತ್ತಾ ತೂತು ಮುಚ್ಚಿ, ಹೊಟ್ಟೆ ಉಬ್ಬಿ, ತಳ ದುಂಡಗಾಗುತ್ತದೆ. ಕಲ್ಲು ಮತ್ತು ಹಲಗೆ ಒಂದೇ ಜಾಗಕ್ಕೆ ಬೀಳಬೇಕು. ಕಣ್ಣಿಗೆ ಕಲ್ಲು ಕಾಣುವುದಿಲ್ಲ, ಸದ್ದಿನಿಂದಲೇ ತಿಳಿಯಬೇಕು. ಮೂವತ್ತು ವರ್ಷ ಪಾಟರಿ ಮಾಡಿದ ಒಬ್ಬ ಹೆಂಗಸು ಮೊದಲ ಏಟಿಗೇ ಮಡಕೆ ತೂತು ಮಾಡಿದರು. ದೊಡ್ಡಮ್ಮ ಅವರ ಮಣಿಕಟ್ಟು ಹಿಡಿದು "ಮೆಲ್ಲಕೆ ಕಣವ್ವ, ಮಗೀನ ಬೆನ್ನು ತಟ್ದಂಗೆ" ಅಂದರು. ಭಾಷೆ ಬರದಿದ್ದರೂ ಅವರಿಗೆ ಅರ್ಥವಾಯಿತು. ಈಗ ಇಬ್ಬರಿಗೂ ಸಮನಾಗಿ ಹಣ ಕೊಡುತ್ತೇನೆ, ದೊಡ್ಡಮ್ಮನ ಪಾಲು ಅವರ ಕೈಗೇ.

ನೀವೂ ಕರೆಸುವುದಾದರೆ ಕೆಲವು ಸಣ್ಣ ವಿಷಯ ನೆನಪಿರಲಿ. ಹೊರದೇಶದವರನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು. ನಾನು ರಾತ್ರಿ ಮೈಸೂರಿನ ಹೋಟೆಲಿನಲ್ಲೇ ಉಳಿಸುತ್ತೇನೆ, ಆಗ ಅದನ್ನು ಹೋಟೆಲಿನವರೇ ಮಾಡುತ್ತಾರೆ. ನೆಲದಲ್ಲಿ ಕೂರಲು ಆಗದವರಿಗೆ ಎತ್ತರದ ಮಣೆ ಮಾಡಿಸಿಡಿ. ಮಡಕೆ ಪ್ಯಾಕ್ ಮಾಡಲು ಒಳಗೂ ಹೊರಗೂ ಭತ್ತದ ಹುಲ್ಲೇ ಸಾಕು, ಆದರೆ ವಿಮಾನಕ್ಕೆ ಹುಲ್ಲು ಬೇಡ. ಆಗ ಹಳೇ ಬಟ್ಟೆ ಒಳ್ಳೆಯದು.

ಆರನೇ ದಿನ ದೊಡ್ಡಪ್ಪ ಮತ್ತೆ ಮಡಕೆಯನ್ನು ಕೆನ್ನೆಗೆ ಇಟ್ಟರು. ಈ ಸಲ ಬಂದವರೂ ಒಬ್ಬೊಬ್ಬರಾಗಿ ಇಟ್ಟು ನೋಡಿದರು. ಬೆಚ್ಚಗಿತ್ತು. ಮೊದಲು ತೆಂಗಿನ ಸಿಪ್ಪೆಯ ಹೊಗೆಯಲ್ಲೇ ಬಹಳ ಹೊತ್ತು ಕಾಯಿಸಿದೆವು. ಆಮೇಲೆ ಸೌದೆ ಇಟ್ಟು, ಹುಲ್ಲು ಹೊದಿಸಿ, ಮೇಲೆ ಕೆಸರು ಮೆತ್ತಿದೆವು. ರಾತ್ರಿ ಯಾರೂ ಹೋಟೆಲಿಗೆ ಹೋಗಲಿಲ್ಲ. ಸದ್ದು ಬರುತ್ತದಾ ಅಂತ ಎಲ್ಲರೂ ಕಿವಿಗೊಟ್ಟು ಕೂತಿದ್ದೆವು.

ಬೆಳಿಗ್ಗೆ ನಲವತ್ತರಲ್ಲಿ ಮೂರು ಮಾತ್ರ ಬಿರುಕು ಬಿಟ್ಟಿದ್ದವು. ದೊಡ್ಡಪ್ಪ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಠಣ್ ಅಂದದ್ದನ್ನು ಬಲಕ್ಕೆ ಇಟ್ಟರು. ದೊಡ್ಡಮ್ಮ ಅದರಲ್ಲೊಂದು ತೆಗೆದುಕೊಂಡು ಗಂಜಿ ಕುದಿಸಿ ಚೆಲ್ಲಿ, ಅವರೆಕಾಳು ಸಾರಿಗೆ ಇಟ್ಟರು. ನೇರ ಸೌದೆ ಉರಿಯ ಮೇಲೆ. 1,250 ಡಿಗ್ರಿಯಲ್ಲಿ ಸುಟ್ಟ ತಮ್ಮ ಸ್ಟೋನ್‌ವೇರ್, ಅಂದರೆ ಕಲ್ಲಿನ ಹಾಗೆ ಗಟ್ಟಿಯಾಗಿ ಬೆಂದ ಪಾತ್ರೆಗಳನ್ನು ಬಂದವರು ಹಾಗೆ ಬೆಂಕಿಗೆ ಇಡುವಂತಿಲ್ಲ, ಸೀಳುತ್ತವೆ. ನಮ್ಮ ಮಣ್ಣಿನಲ್ಲಿ ಮರಳಿದೆ, ಕಡಿಮೆ ಉರಿಯಲ್ಲಿ ಬೆಂದು ಮೈಯಲ್ಲಿ ಸಣ್ಣ ಸಂದು ಉಳಿದಿರುತ್ತದೆ, ತಳ ದುಂಡಗಿದೆ. ಅದಕ್ಕೇ ತಡೆಯುತ್ತದೆ. ಸಾರು ಕುದಿಯುವವರೆಗೂ ಹನ್ನೆರಡು ಜನ ಕುಂಬಾರರು ಒಲೆಯ ಸುತ್ತ ಕೂತು ಆ ಮಡಕೆಯ ತಳವನ್ನೇ ನೋಡುತ್ತಿದ್ದರು.